ಉಪ್ಪನ ಅಂಬಾಸಿಡರಿಗೆ ಯಾವ ಟಯರು?

ಅಂಬಿಕಾನಗರದ ನಮ್ಮ ಮನೆಯಂಗಳದಲ್ಲಿ ತಗಡಿನ ಚಪ್ಪರದಡಿ ಒಂದು ಅಂಬಾಸಿಡರ್ ಕಾರು ನಿಂತಿದೆ. ಮಾರ್ಕ್ ಫೋರ್ ಮಾಡೆಲ್, ಬಿಳಿ ಬಣ್ಣ. ಕಾಳಿ ಯೋಜನೆಯ ಕೆಲಸ ಭರದಿಂದ ಸಾಗುತ್ತಿದ್ದ ಕಾಲದಲ್ಲಿ ಉಪ್ಪ ಬಂಟ್ವಾಳ ಕಡೆಯಿಂದ ಇಲ್ಲಿಗೆ ಬಂದು ಜಿನಸಿ ಅಂಗಡಿ ಇಟ್ಟರು. ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು, ಇಲ್ಲಿ ಕೆಳಗೆ ನಾಗಝರಿ ಪವರ್ ಹೌಸ್, ಎಲ್ಲೆಲ್ಲಿಂದಲೋ ಬಂದ ಕೆಲಸಗಾರರು. ಅಂಗಡಿ ಒಂದು ದಡ ಮುಟ್ಟಿದ ಮೇಲೆ, 1989ರಲ್ಲಿ ಉಪ್ಪ ಈ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡರು.

ಕಾರು ನಮ್ಮದಾದರೂ ಓಡಿದ್ದು ಎಲ್ಲರಿಗೂ. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ದಾಂಡೇಲಿಗೆ ಹೋಗಲು ಉಪ್ಪನ ಬಾಗಿಲು ತಟ್ಟುತ್ತಿದ್ದರು. ನಮ್ಮ ಕಿರಿಯ ತಂಗಿ ಹುಟ್ಟುವ ಮುಂಚೆ ಉಮ್ಮ ಆಸ್ಪತ್ರೆಗೆ ಹೋದದ್ದೂ ಇದೇ ಕಾರಿನಲ್ಲಿ. ಹಾಗಾಗಿ ಉಪ್ಪ ತೀರಿಕೊಂಡ ಮೇಲೆ ಗುಜರಿಯವರು ಮೂರು ಸಲ ಬಂದು ಕೇಳಿದರೂ ಕೊಡಲು ನಮಗೆ ಮನಸ್ಸು ಬರಲಿಲ್ಲ.

ಮೊನ್ನೆ ಅಕ್ಕನ ಮಗಳ ಮದುವೆ ಬಂಟ್ವಾಳದಲ್ಲಿ ನಿಶ್ಚಯವಾಯಿತು. ಉಮ್ಮ ಒಂದೇ ಮಾತು ಹೇಳಿದರು: "ನಾನು ಬರುವುದಾದ್ರೆ ಉಪ್ಪನ ಕಾರಲ್ಲೇ." ಯಲ್ಲಾಪುರಕ್ಕೆ ಹೋಗಿ, ಅರಬೈಲ್ ಘಾಟಿ ಇಳಿದು, ಅಂಕೋಲಾದಲ್ಲಿ ಹೆದ್ದಾರಿ ಹಿಡಿದು ಕುಮಟಾ, ಹೊನ್ನಾವರ, ಭಟ್ಕಳ, ಉಡುಪಿ ದಾಟಿ ಹೋಗಬೇಕು. 300 ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ನಾವು ಎಂಜಿನ್ ಆಯಿಲ್ ಬದಲಿಸಿದೆವು, ಬ್ರೇಕ್ ಬಿಚ್ಚಿಸಿ ಲೈನರ್ ಹಾಕಿಸಿದೆವು, ಹೊಸ ಬ್ಯಾಟರಿ ತಂದೆವು. ಟಯರಿನ ಕಡೆ ಯಾರೂ ನೋಡಲಿಲ್ಲ. ಯಾಕೆಂದರೆ ಅವು ನಮ್ಮ ಲೆಕ್ಕದಲ್ಲಿ ಹೊಸವು. 2016ರಲ್ಲಿ ಹಾಕಿಸಿದ್ದು, ಓಡಿದ್ದು ಮೂರು ಸಾವಿರ ಕಿಲೋಮೀಟರ್ ಇರಬಹುದು. ಬಟನ್ ತುಂಬ ಇತ್ತು, ಕಪ್ಪಗೆ ಹೊಳೀತಿತ್ತು.

ಕಾಡಿನ ದಾರಿಯಲ್ಲಿ ಕೇಳಿದ ಸದ್ದು

ಮದುವೆಗೆ ಒಂದು ತಿಂಗಳಿರುವಾಗ ಕಾರನ್ನು ಒಮ್ಮೆ ಓಡಿಸಿ ನೋಡುವ ಅಂತ ಅಣ್ಣ, ಅಣ್ಣನ ಮಗ ಮತ್ತು ನಾವು ಯಲ್ಲಾಪುರದ ಕಡೆ ಹೊರಟೆವು. ಭಾಗವತಿ ದಾಟಿ ಸ್ವಲ್ಪ ಮುಂದೆ ಹೋಗಿರಬಹುದು, ಹಿಂದಿನಿಂದ ದಬ ದಬ ಅಂತ ಸದ್ದು. ಮೊದಲು ಡಿಕ್ಕಿಯಲ್ಲಿ ಜಾಕ್ ಹೊರಳ್ತಿದೆ ಅಂದುಕೊಂಡೆವು. ಸದ್ದು ಜೋರಾಯಿತು, ಸ್ಟೇರಿಂಗ್ ನಡುಗಿತು. ಬದಿಗೆ ನಿಲ್ಲಿಸಿ ಇಳಿದು ನೋಡಿದರೆ ಎಡಗಡೆಯ ಹಿಂದಿನ ಟಯರಿನ ಮೇಲ್ಪದರ ಒಂದು ಗೇಣಿನಷ್ಟು ಎದ್ದು ಬಂದಿದೆ. ಹಳೆ ಚಪ್ಪಲಿಯ ಅಟ್ಟೆ ಬಿಡುತ್ತದಲ್ಲ, ಥೇಟ್ ಹಾಗೆ. ಗಾಳಿ ಹೋಗಿರಲಿಲ್ಲ. ಇನ್ನೆರಡು ಕಿಲೋಮೀಟರ್ ಓಡಿದ್ದರೆ ಒಡೆಯುತ್ತಿತ್ತು.

ಸ್ಟೆಪ್ನಿ ತೆಗೆದರೆ ಅದರ ಗತಿ ಇನ್ನೂ ಕಷ್ಟ. ಅದು ಉಪ್ಪನ ಕಾಲದ್ದು. ಬದಿಯಲ್ಲಿ ಬೇಸಿಗೆಯ ಗದ್ದೆಯ ಹಾಗೆ ಬಿರುಕು. ಅದನ್ನೇ ಹಾಕಿ, ಸೈಕಲ್ಲಿನ ವೇಗದಲ್ಲಿ ಮನೆಗೆ ಬಂದು ಮುಟ್ಟಿದೆವು. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಎಲ್ಲರ ತಲೆಯಲ್ಲೂ ಇದ್ದದ್ದು ಒಂದೇ: ಇದು ಅರಬೈಲ್ ಘಾಟಿಯಲ್ಲಿ, ಉಮ್ಮ ಮತ್ತು ಮಕ್ಕಳು ಒಳಗಿರುವಾಗ ಆಗಿದ್ದರೆ?

ಮಾರನೇ ದಿನ ದಾಂಡೇಲಿಯ ಮೆಕ್ಯಾನಿಕ್ ಒಬ್ಬರು ಬಂದು ನೋಡಿದರು. ಹಳೆ ಅಂಬಾಸಿಡರ್, ಜೀಪುಗಳಲ್ಲೇ ಕೂದಲು ನರೆತವರು. ಟಯರನ್ನು ಬೆರಳಲ್ಲಿ ಒತ್ತಿ ನೋಡಿ ನಕ್ಕರು. "ಏನ್ರೀ ಉಸ್ತಾದ್, ಹೊಸಾವು ಅಂತೀರಿ, ಇವು ಮುದುಕ ಆಗ್ಯಾವ್ರೀ. ಇವು ಹುಟ್ಟಿದ್ದು ಯಾವಾಗ ಅಂತ ನೋಡೀರೇನು?"

ಟಯರಿಗೂ ಹುಟ್ಟಿದ ತಾರೀಕು ಇರ್ತದೆ ಅಂತ ನಮಗೆ ಗೊತ್ತಾದದ್ದು ಆವತ್ತು.

ನಾಲ್ಕು ಅಂಕಿಯ ಗುಟ್ಟು

ಟಯರಿನ ಬದಿಯಲ್ಲಿ ಉಬ್ಬಿದ ಅಕ್ಷರಗಳ ನಡುವೆ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2312 ಅಂತಿದ್ದರೆ 2012ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮುಂಚಿನದ್ದು, ಅದನ್ನು ರಸ್ತೆಗೆ ತರಲೇಬಾರದು. ಈ ಅಂಕಿ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಇರುವುದರಿಂದ ಕೆಲವೊಮ್ಮೆ ಕಾರಿನಡಿ ಬಗ್ಗಿ ಒಳಮೈ ನೋಡಬೇಕಾಗುತ್ತದೆ.

ನಮ್ಮ ಟಯರುಗಳಲ್ಲಿ ಇದ್ದದ್ದು 1411. ಅಂದ್ರೆ 2011ರ ಏಪ್ರಿಲ್ ಹೊತ್ತಿನದ್ದು. 2016ರಲ್ಲಿ ನಾವು 'ಹೊಸ ಟಯರು' ಅಂತ ದುಡ್ಡು ಕೊಟ್ಟು ತರುವಾಗಲೇ ಅವಕ್ಕೆ ಐದು ವರ್ಷ ತುಂಬಿತ್ತು. ಈ ಅಳತೆಯ ಟಯರು ಕೇಳುವವರು ಕಡಿಮೆ, ಹಾಗಾಗಿ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದನ್ನು ನಮಗೆ ದಾಟಿಸಿದ್ದರು. ಮಾಲಿನ ದೋಷ ಮುಚ್ಚಿಟ್ಟು ಮಾರಬಾರದು ಅಂತ ಮಕ್ಕಳಿಗೆ ಪಾಠ ಹೇಳುವ ನಾವು, ಕೊಳ್ಳುವವನೂ ಕಣ್ಣು ಬಿಟ್ಟು ನೋಡಬೇಕು ಎಂಬುದನ್ನು ಮರೆತಿದ್ದೆವು.

ಓಡದ ಟಯರು ಹಾಳಾಗುವುದು ಹೇಗೆ ಅಂತ ಕೇಳಬಹುದು. ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟ ಇರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರಬ್ಬರ್ ಮರದ ಹಾಲಿನಿಂದ ಬಂದ ವಸ್ತು. ಹಸಿ ರಬ್ಬರ್ ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡುವ ಕ್ರಮ ಕಂಡುಹಿಡಿದ ಮೇಲೆಯೇ ಅದು ಬಾಳಿಕೆಗೆ ಬಂದದ್ದು. ಹಾಗಿದ್ದರೂ ಗಾಳಿ, ಬಿಸಿಲು, ಸೆಕೆ ಅದನ್ನು ದಿನಾ ತಿನ್ನುತ್ತಲೇ ಇರುತ್ತವೆ. ಒಳಗಿನ ಎಣ್ಣೆಯಂಶ ಆರಿ ರಬ್ಬರ್ ಬಿರುಸಾಗುತ್ತದೆ, ಪದರ ಪದರದ ನಡುವಿನ ಅಂಟು ಬಿಡುತ್ತದೆ. ಓಡುವ ಟಯರಿನಲ್ಲಿ ರಬ್ಬರ್ ಬಾಗಿ ಬಳುಕಿ, ಬಿರುಕು ತಡೆಯಲು ಬೆರೆಸಿದ ಮೇಣ ಮೇಲಕ್ಕೆ ಬರುತ್ತಿರುತ್ತದೆ. ನಿಂತಲ್ಲೇ ನಿಂತ ಟಯರಿಗೆ ಆ ಭಾಗ್ಯವಿಲ್ಲ. ಅದರಿಂದಲೇ ಹಳೆ ಕಾರುಗಳ ಟಯರು ಸವೆದು ಸಾಯುವುದಕ್ಕಿಂತ ವಯಸ್ಸಾಗಿ ಸಾಯುವುದೇ ಹೆಚ್ಚು.

ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಬಿಚ್ಚಿಸಿ ನೋಡಬೇಕು, ಹತ್ತು ವರ್ಷ ತುಂಬಿದರೆ ಬಟನ್ ಎಷ್ಟೇ ಇರಲಿ ತೆಗೆದುಬಿಡಬೇಕು ಅಂತ ದೊಡ್ಡ ದೊಡ್ಡ ಟಯರ್ ಕಂಪೆನಿಗಳೇ ಹೇಳುತ್ತವೆ. ಸ್ಟೆಪ್ನಿಗೂ ಇದೇ ಲೆಕ್ಕ.

5.90-15 ಎಂದರೆ ಏನು?

ಹೊಸ ಟಯರು ತರಲು ಹೊರಟಾಗ ಎರಡನೇ ಪಾಠ ಶುರುವಾಯಿತು. ಒಂದು ಅಂಗಡಿಯಲ್ಲಿ 'ಈ ನಂಬರ್ ಈಗ ಬರೋದಿಲ್ಲ' ಅಂದರು. ಇನ್ನೊಂದರಲ್ಲಿ ಜೀಪಿನದ್ದು ತೋರಿಸಿದರು. ಮತ್ತೊಬ್ಬರು ಅಲಾಯ್ ವೀಲ್ ಸಮೇತ ಅಗಲದ ಟಯರು ಹಾಕಿಸಿ, ಗಾಡಿ 'ಲುಕ್' ಬರ್ತದೆ ಅಂದರು. ಅಣ್ಣನ ಮಗನ ಕಣ್ಣು ಅದರ ಮೇಲೆಯೇ ಇತ್ತು ಅನ್ನಿ.

ನಮ್ಮ ಹಳೆ ಕಾರುಗಳ ಟಯರಿನ ನಂಬರ್ ಇಂಚಿನಲ್ಲಿದೆ. ಅಂಬಾಸಿಡರಿಗೆ 5.90-15. ಅಂದರೆ ಟಯರಿನ ಅಗಲ 5.90 ಇಂಚು, ಅದು ಕೂರುವ ರಿಮ್ಮಿನ ಅಡ್ಡಳತೆ 15 ಇಂಚು. ಪ್ರೀಮಿಯರ್ ಪದ್ಮಿನಿಗೆ 5.20-14. ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಓಡುತ್ತಿದ್ದ ಹಳೆ ಮಹೀಂದ್ರ ಜೀಪಿಗೆ 6.00-16. ಈಗಿನ ಟಯರಿನ ನಂಬರ್ ಬೇರೆ ರೀತಿ. 175/80 ಆರ್ 15 ಎಂದಿದ್ದರೆ ಅಗಲ 175 ಮಿಲಿಮೀಟರ್, ಬದಿಯ ಎತ್ತರ ಆ ಅಗಲದ ಶೇ. 80, 'ಆರ್' ಎಂದರೆ ರೇಡಿಯಲ್, ರಿಮ್ 15 ಇಂಚು.

ಹಳೆ ನಂಬರನ್ನು ಹೊಸದಕ್ಕೆ ಹೊಂದಿಸುವುದು ಹೇಗೆ? ಇದು ನಮ್ಮ ಮನೆಯ ಮಕ್ಕಳಿಗೆ ಒಳ್ಳೆಯ ಲೆಕ್ಕವಾಯಿತು. ಟೈಲರ್ ಟೇಪ್ ತಂದು, ಗಾಳಿ ತುಂಬಿದ ಹಳೆ ಟಯರಿನ ಸುತ್ತಳತೆ ತೆಗೆದರು: 208 ಸೆಂಟಿಮೀಟರ್. ಇನ್ನು 175/80 ಆರ್ 15ರ ಲೆಕ್ಕ. 175ರ ಶೇ. 80 ಎಂದರೆ 140. ಮೇಲೊಂದು ಕೆಳಗೊಂದು ಎಂದು ಎರಡು ಸಲ, 280. ರಿಮ್ಮಿನ 15 ಇಂಚು ಎಂದರೆ 381. ಒಟ್ಟು ಎತ್ತರ 661 ಮಿಲಿಮೀಟರ್, ಸುತ್ತಳತೆ ಸುಮಾರು 208 ಸೆಂಟಿಮೀಟರ್. ಸರಿಯಾಗಿ ಹೊಂದಿತು. ಅದೇ 165/80 ಆರ್ 15 ಆದರೆ ಎತ್ತರ 645, ಸುತ್ತಳತೆ 203ರ ಹತ್ತಿರ. ನೂರಕ್ಕೆ ಎರಡೂವರೆಯಷ್ಟು ಕಡಿಮೆ. ಅದು ಸಣ್ಣ ವ್ಯತ್ಯಾಸ. ಅದರ ಎರಡು ಮೂರು ಪಟ್ಟು ವ್ಯತ್ಯಾಸ ಬಂದರೆ ಮೀಟರಿನಲ್ಲಿ ತೋರಿಸುವ ವೇಗ ಒಂದು, ಓಡುವ ವೇಗ ಇನ್ನೊಂದು ಆಗ್ತದೆ. ಅಗಲ ಹೆಚ್ಚಾದರೆ ತಿರುಗಿಸುವಾಗ ಮಡ್ಗಾರ್ಡಿಗೆ ಉಜ್ಜುತ್ತದೆ, ಪವರ್ ಸ್ಟೇರಿಂಗ್ ಇಲ್ಲದ ಕಾರಿನಲ್ಲಿ ಕೈ ಬಿದ್ದುಹೋಗುತ್ತದೆ. 'ಲುಕ್' ಆಸೆ ಅಲ್ಲಿಗೆ ಮುಗಿಯಿತು.

ಕೊನೆಯಲ್ಲಿ ಒಂದು ಅಂಕಿ, ಒಂದು ಅಕ್ಷರ ಇರುತ್ತದೆ. ಅಂಕಿ ಭಾರದ್ದು, ಅಕ್ಷರ ವೇಗದ್ದು. 87 ಎಂದಿದ್ದರೆ ಒಂದು ಟಯರು 545 ಕಿಲೋ ಹೊರಬಲ್ಲದು, 91 ಎಂದಿದ್ದರೆ 615. ಹಳೆಯ ಟಯರಿನಲ್ಲಿ ಇದರ ಬದಲು 4 ಪಿಆರ್, 6 ಪಿಆರ್ ಎಂದು ಬರೆದಿರುತ್ತದೆ. ಪಿಆರ್ ಹೆಚ್ಚಾದಷ್ಟು ಹೊರುವ ಶಕ್ತಿ ಹೆಚ್ಚು. ಅಂಬಾಸಿಡರ್ ಖಾಲಿ ಇದ್ದಾಗಲೇ 1100 ಕಿಲೋ ಆಸುಪಾಸು ತೂಗುತ್ತದೆ. ನಮ್ಮವರ ಮದುವೆ ಪ್ರಯಾಣ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಹಿಂದೆ ನಾಲ್ವರು, ಅವರ ಮಡಿಲಲ್ಲಿ ಮಕ್ಕಳು, ಡಿಕ್ಕಿಯಲ್ಲಿ ಬಟ್ಟೆ ಪೆಟ್ಟಿಗೆ, ಮೇಲೆ ಪತ್ತಿರ್ ಡಬ್ಬ. ಭಾರವೆಲ್ಲ ಬೀಳುವುದು ಹಿಂದಿನ ಎರಡು ಟಯರಿನ ಮೇಲೆ. ಕಡಿಮೆ ಬೆಲೆಗೆ ಸಿಕ್ಕಿತು ಎಂದು ಕಡಿಮೆ ಭಾರದ ಟಯರು ಹಾಕುವುದು ಅಪಾಯ.

ನೈಲಾನೋ, ರೇಡಿಯಲ್ಲೋ?

ಇದೇ ದೊಡ್ಡ ಪ್ರಶ್ನೆ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ. ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅದರ ಅಚ್ಚು ಬಿದ್ದ ಕಾಲಕ್ಕೆ ಎಲ್ಲೆಡೆ ಓಡುತ್ತಿದ್ದದ್ದು ನಾವು ನೈಲಾನ್ ಟಯರು ಅನ್ನುವ ಅಡ್ಡ ಎಳೆಯ ಟಯರು. ಅದರಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ, ಚಾಪೆಯ ಹೆಣಿಗೆಯ ಹಾಗೆ ಅಡ್ಡಡ್ಡ ಇರುತ್ತವೆ. ಫ್ರಾನ್ಸಿನ ಮಿಶೆಲಿನ್ ಕಂಪೆನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟಯರಿನಲ್ಲಿ ನೂಲು ಈ ಅಂಚಿನಿಂದ ಆ ಅಂಚಿಗೆ ನೇರವಾಗಿ ಹೋಗುತ್ತದೆ, ಅದರ ಮೇಲೆ ಉಕ್ಕಿನ ಪಟ್ಟಿ.

ನೈಲಾನಿನ ಬದಿ ಗಟ್ಟಿ. ಕಲ್ಲಿನ ದಾರಿಯ ಪೆಟ್ಟು ತಾಳುತ್ತದೆ, ನಿಂತಲ್ಲಿ ಸ್ಟೇರಿಂಗ್ ಹಗುರ. ಆದ್ರೆ ಓಡುವಾಗ ಬೇಗ ಬಿಸಿಯಾಗುತ್ತದೆ, ರಸ್ತೆಯ ಗೀರು ಹಿಡಿದು ಆಚೀಚೆ ಎಳೆಯುತ್ತದೆ, ಮಳೆಯಲ್ಲಿ ಹಿಡಿತ ಕಡಿಮೆ. ರೇಡಿಯಲ್ಲಿನ ಬದಿ ಮೆತ್ತಗೆ, ಬಟನ್ ರಸ್ತೆಗೆ ಚೆನ್ನಾಗಿ ಕೂರುತ್ತದೆ. ಹಿಡಿತ ಹೆಚ್ಚು, ಬಾಳಿಕೆ ಹೆಚ್ಚು, ಎಣ್ಣೆ ಖರ್ಚೂ ಸ್ವಲ್ಪ ಕಡಿಮೆ.

ಹಾಗಾದರೆ ಎಲ್ಲರೂ ರೇಡಿಯಲ್ ಹಾಕಬಹುದಲ್ಲ ಅಂದರೆ, ಮೆಕ್ಯಾನಿಕ್ ಕೊಟ್ಟ ಉತ್ತರ ಚಂದ ಇತ್ತು: "ಮೊದ್ಲ ಗಾಡಿ ಎಷ್ಟ್ ಓಡತೈತಿ ಹೇಳ್ರಿ, ಆಮ್ಯಾಲೆ ಟಯರ್ ಹೇಳ್ತೀನಿ." ದಾಂಡೇಲಿಯಲ್ಲಿ ದಿನಾ ಅಂಬಾಸಿಡರ್ ಓಡಿಸುವ ನಮ್ಮ ಪರಿಚಯದವರೊಬ್ಬರಿಗೆ ಅವರೇ ರೇಡಿಯಲ್ ಹಾಕಿಸಿದ್ದರು. ಹೆದ್ದಾರಿ, ಮಳೆಗಾಲ ಎರಡೂ ಇರುವವರಿಗೆ ಅದೇ ಸರಿ. ನಮ್ಮದು ತಿಂಗಳಿಗೆ ನಾಲ್ಕು ಸಲ ಓಡುವ ಕಾರು, 60ರ ಮೇಲೆ ಮುಳ್ಳು ಏರುವುದಿಲ್ಲ, ಓಡಿಸುವ ಅಣ್ಣನಿಗೆ ಭುಜದ ನೋವು, ರಿಮ್ ಹುಟ್ಟು ರಿಮ್ಮೇ. ಹಾಗಾಗಿ ಮೂಲದ 5.90-15 ನೈಲಾನೇ ಸಾಕು ಎಂದಾಯಿತು. ಬದಲಿಗೆ ಒಂದು ಮಾತು ಕೊಡಬೇಕಾಯಿತು: ಮಳೆಗಾಲದಲ್ಲಿ ಈ ಕಾರನ್ನು ಘಾಟಿಗೆ ಇಳಿಸಬಾರದು.

ಇಲ್ಲಿ ನಮಗೊಂದು ಆಸೆ ಹುಟ್ಟಿತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹೊಸ ತಾರೀಕಿನ ನೈಲಾನ್ ಎರಡೇ ಇತ್ತು. ಅದೆರಡು, ಜೊತೆಗೆ ರೇಡಿಯಲ್ ಎರಡು ಹಾಕಿ ಸುಧಾರಿಸಿದರೆ ಹೇಗೆ ಅಂತ. ಮೆಕ್ಯಾನಿಕ್ ಕೈಯನ್ನೇ ಎತ್ತಿಬಿಟ್ಟರು. ಎರಡರ ಗುಣ ಬೇರೆ. ತಿರುವಿನಲ್ಲಿ ಒಂದು ಬಾಗುತ್ತದೆ, ಇನ್ನೊಂದು ಬಾಗುವುದಿಲ್ಲ. ಒಂದೇ ಆಕ್ಸಲಿನಲ್ಲಿ ಒಂದು ನೈಲಾನ್ ಒಂದು ರೇಡಿಯಲ್ ಯಾವತ್ತೂ ಕೂಡದು. ಮುಂದೆ ರೇಡಿಯಲ್, ಹಿಂದೆ ನೈಲಾನ್ ಹಾಕಿದರಂತೂ ತಿರುವಿನಲ್ಲಿ ಕಾರಿನ ಬಾಲ ಹೊರಗೆ ಜಾರುತ್ತದೆ. ನಾಲ್ಕೂ ಒಂದೇ ಜಾತಿ, ಸ್ಟೆಪ್ನಿಯೂ ಅದೇ ಜಾತಿ. ಅದು ನಿಯಮ.

ರೀಸೋಲ್ ಮಾಡಿಸಿದ ಟಯರು ಅಗ್ಗಕ್ಕೆ ಬರುತ್ತದೆ ಎಂದು ಸಲಹೆ ಕೊಟ್ಟವರೂ ಇದ್ದರು. ಹದಿಮೂರು ವರ್ಷದ ಬಿರುಸು ಮೈಗೆ ಹೊಸ ಬಟನ್ ಅಂಟಿಸಿ ಏನು ಪ್ರಯೋಜನ? ಎದ್ದು ಬಂದದ್ದು ಅದೇ ಪದರ ಅಲ್ಲವೇ? ಬೇಡ ಅಂದೆವು.

ಕೊನೆಗೆ ಐದು ಟಯರಿಗೆ ಹೇಳಿ, ಹನ್ನೆರಡು ದಿನ ಕಾದೆವು. ಬಂದ ಮೇಲೆ ಮೊದಲು ನೋಡಿದ್ದು ಆ ನಾಲ್ಕು ಅಂಕಿ, ಆಮೇಲೆ ಐಎಸ್ಐ ಗುರುತು. ಐದರ ತಾರೀಕೂ ಅದೇ ವರ್ಷದ್ದು. ಆಮೇಲೆಯೇ ದುಡ್ಡು ಎಣಿಸಿದ್ದು.

ಹಾಕಿಸುವಾಗ, ಹಾಕಿದ ಮೇಲೆ

ಹಳೆ ಕಾರಿನ ರಿಮ್ಮಿಗೆ ಟ್ಯೂಬ್ ಬೇಕೇ ಬೇಕು. ಟ್ಯೂಬ್‌ಲೆಸ್ ಟಯರಿನ ಅಂಚು ಜಾರದಂತೆ ಈಗಿನ ರಿಮ್ಮಿನ ಒಳಗೆ ಒಂದು ಉಬ್ಬು ಇರುತ್ತದೆ, ಹಳೆಯದರಲ್ಲಿ ಅದು ಇರುವುದಿಲ್ಲ. ಹೊಸ ಟಯರಿಗೆ ಹಳೆ ಟ್ಯೂಬ್ ಹಾಕಬೇಡಿ. ಹಿಗ್ಗಿದ ಟ್ಯೂಬ್ ಒಳಗೆ ಮಡಿಕೆ ಬಿದ್ದು ಅಲ್ಲೇ ಹರಿಯುತ್ತದೆ. ರೇಡಿಯಲ್ ಹಾಕುವವರು ರೇಡಿಯಲ್ಲಿಗೆಂದೇ ಬರುವ ಟ್ಯೂಬ್ ಕೇಳಿ ತಗೊಳ್ಳಿ. ರಿಮ್ಮಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಬಣ್ಣ ಬಳಿಸಿ, ಇಲ್ಲದಿದ್ದರೆ ತುಕ್ಕಿನ ಚಕ್ಕೆಯೇ ಟ್ಯೂಬಿಗೆ ಮುಳ್ಳಾಗುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.

ಗಾಳಿಯನ್ನು ಬೆಳಿಗ್ಗೆ, ಟಯರು ತಣ್ಣಗಿರುವಾಗಲೇ ನೋಡಬೇಕು. ಎಷ್ಟು ಗಾಳಿ ಎಂಬುದು ಕಾರಿನ ಪುಸ್ತಕದಲ್ಲಿರುತ್ತದೆ. ಭಾರ ಹೇರಿ ಹೊರಡುವ ದಿನ ಹಿಂದಿನ ಟಯರಿಗೆ ಪುಸ್ತಕ ಹೇಳಿದಷ್ಟು ಹೆಚ್ಚು ತುಂಬಿಸಿ. ಗಾಳಿ ಕಡಿಮೆಯಾದ ಟಯರು ಬಾಗಿ ಬಾಗಿ ಬಿಸಿಯೇರುತ್ತದೆ, ಒಡೆಯುವುದು ಹೆಚ್ಚಾಗಿ ಆಗಲೇ. ಬಟನ್ ನಡುವಿನ ಗೀರಿನಲ್ಲಿ ಸಣ್ಣ ಉಬ್ಬು ಇರುತ್ತದೆ. ಬಟನ್ ಸವೆದು ಅದಕ್ಕೆ ಸಮವಾದರೆ ಉಳಿದದ್ದು 1.6 ಮಿಲಿಮೀಟರ್ ಮಾತ್ರ. ಅಲ್ಲಿಗೆ ಆ ಟಯರಿನ ಋಣ ಮುಗಿಯಿತು.

ಹೆಚ್ಚು ನಿಲ್ಲಿಸಿಡುವ ಕಾರಾದರೆ ವಾರಕ್ಕೊಮ್ಮೆ ಸ್ವಲ್ಪ ಮುಂದೆ ಹಿಂದೆ ಸರಿಸಿ. ಇಲ್ಲದಿದ್ದರೆ ನೈಲಾನ್ ಟಯರು ತಳದಲ್ಲಿ ಚಪ್ಪಟೆಯಾಗುತ್ತದೆ. ತಿಂಗಳುಗಟ್ಟಲೆ ನಿಲ್ಲುವುದಾದರೆ ಸ್ಟ್ಯಾಂಡ್ ಕೊಟ್ಟು ಎತ್ತಿ ನಿಲ್ಲಿಸುವುದು ಇನ್ನೂ ಒಳ್ಳೆಯದು. ಬಿಸಿಲು ಬೀಳದಂತೆ ನೋಡಿಕೊಳ್ಳಿ. ಹೊಳಪಿಗೆ ಅಂತ ಡೀಸೆಲ್, ಆಯಿಲ್ ಒರೆಸುವ ಚಾಳಿ ಬಿಡಿ, ಅದು ರಬ್ಬರನ್ನು ತಿನ್ನುತ್ತದೆ. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ಆರ್.ಸಿ. ನವೀಕರಿಸುವಾಗ ಎಫ್.ಸಿ. ಆಗಬೇಕಷ್ಟೆ. ಆ ದಿನಕ್ಕೆಂದು ಯಾರದೋ ಟಯರು ಕಟ್ಟಿಕೊಂಡು ಹೋಗಿ ಬರುವವರಿದ್ದಾರೆ. ಅವರು ಮೋಸ ಮಾಡುವುದು ಆಫೀಸಿಗಲ್ಲ, ಕಾರಿನಲ್ಲಿ ಕೂರುವ ತಮ್ಮ ಮಕ್ಕಳಿಗೆ.

ಘಾಟಿ ಇಳಿದ ದಿನ

ಮದುವೆಗೆ ಎರಡು ದಿನ ಮುಂಚೆ, ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಉಮ್ಮ ಹತ್ತುವ ಮುಂಚೆ ಕಾರಿನ ಸುತ್ತ ಒಂದು ಸುತ್ತು ಬಂದರು. ನಾಲ್ಕೂ ಟಯರಿನ ಮೇಲೆ ಕೈಯಿಟ್ಟು, ಒತ್ತಿ ನೋಡಿದರು. ನಮಗೆ ಆಗ ನೆನಪಾಯಿತು. ಉಪ್ಪ ದಿನಾ ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಮಾಡುತ್ತಿದ್ದದ್ದು ಇದನ್ನೇ. ಕೈಯಲ್ಲಿ ಸವರಿ, ಸಿಕ್ಕಿದ ಕಲ್ಲು ಕಿತ್ತು, ನಟ್ಟು ಮುಟ್ಟಿ ನೋಡಿ ಆಮೇಲೆ ಕೂರುತ್ತಿದ್ದರು. ನಾವು ಕಾರನ್ನು ಉಳಿಸಿಕೊಂಡಿದ್ದೆವು, ಆ ಅಭ್ಯಾಸವನ್ನು ಬಿಟ್ಟುಬಿಟ್ಟಿದ್ದೆವು.

ಅರಬೈಲ್ ಘಾಟಿಯನ್ನು ಅಣ್ಣ ಸೆಕೆಂಡ್ ಗೇರಿನಲ್ಲೇ ಇಳಿಸಿದರು. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. "ಹೊಡೀಲಿ ಬಿಡು" ಅಂದರು ಉಮ್ಮ. ಅಂಕೋಲಾದಲ್ಲಿ ಚಹಕ್ಕೆ ನಿಲ್ಲಿಸಿದಾಗ ಅಣ್ಣನ ಮಗ ಯಾರೂ ಹೇಳದೆಯೇ ಇಳಿದು ಟಯರಿಗೆ ಕೈಯಿಟ್ಟು ಬಿಸಿ ನೋಡಿದ. ಸಂಜೆ ಬಂಟ್ವಾಳ ಮುಟ್ಟಿದೆವು.

ನಿಮ್ಮ ಮನೆಯಲ್ಲೂ ಉಪ್ಪನದ್ದೋ ಮಾಮನದ್ದೋ ಹಳೆ ಕಾರು, ಜೀಪು ಇರಬಹುದು. ಇವತ್ತೇ ಟಾರ್ಚ್ ಹಿಡಿದು ಅದರ ಟಯರಿನ ನಾಲ್ಕು ಅಂಕಿ ಹುಡುಕಿ. ಸ್ಟೆಪ್ನಿಯದ್ದನ್ನು ಮರೆಯಬೇಡಿ. ನಮ್ಮ ಮನೆಯಲ್ಲಿ ಐದೂ ಟಯರಿನ ಅಂಕಿಯನ್ನು ಮಕ್ಕಳು ಆರ್.ಸಿ. ಇಡುವ ಕವರಿನ ಮೇಲೆ ಬರೆದಿಟ್ಟಿದ್ದಾರೆ, ಅದರ ಕೆಳಗೆ ಟಯರು ಬದಲಿಸಬೇಕಾದ ಇಸವಿಯನ್ನೂ.